ಇದರಲ್ಲಿ ಗೋಧಿ ಇದೆಯಾ?

ದೀಪಾವಳಿಗೆ ಎರಡು ವಾರ ಇರುವಾಗಲೇ ಕಳವಾದ ಬೇಕರಿಗಳಲ್ಲಿ ನಾನ್‌ಖಟಾಯಿಯ ಹಂಗಾಮು ಶುರುವಾಗುತ್ತದೆ. ಮನೆಯಿಂದ ಮೈದಾ, ರವೆ, ತುಪ್ಪ, ಪುಡಿ ಸಕ್ಕರೆ ಅಳೆದು ಡಬ್ಬಿಯಲ್ಲಿ ತುಂಬಿ ಕೊಟ್ಟರೆ ಬೇಕರಿಯವರು ಕಲಸಿ, ಉಂಡೆ ಕಟ್ಟಿ, ಭಟ್ಟಿಯಲ್ಲಿ ಸುಟ್ಟು ಕೊಡುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಈದ್‌ಗೆ ಮುಂಚೆ ಪಕ್ಕದ ಮುಂಬ್ರಾದಲ್ಲೂ ಇದೇ ಗದ್ದಲ. ನಮ್ಮ ಗದಗಿನ ಕಡೆ ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆಂದರೆ ಅಜ್ಜಿಯರು ಗೋಧಿ ಹಿಟ್ಟು, ಬೆಲ್ಲ ಕೊಟ್ಟು 'ಬಿಸ್ಕೀಟು ಹಾಕಿಸುವುದು' ಇದ್ದೇ ಇತ್ತು. ಫಾಸ್ಟ್ ಲೋಕಲ್ ನಿಲ್ಲದ ಈ ಊರಿಗೆ ಬಂದು ನೆಲೆಸಿದಾಗ ನನಗೆ ಮೊದಲು ಸ್ವಂತದ್ದು ಅನ್ನಿಸಿದ್ದು ಬೇಕರಿಯ ಮುಂದಿನ ಆ ಡಬ್ಬಿಗಳ ಸಾಲು.

ಈಗ ಆ ಸಾಲಿನಲ್ಲಿ ನಮ್ಮ ಡಬ್ಬಿ ಇರುವುದಿಲ್ಲ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ತೂಕ ಏರುವುದು ನಿಂತಿತು. ಹೊಟ್ಟೆ ಉಬ್ಬುತ್ತಿತ್ತು, ರಕ್ತ ಕಡಿಮೆ, ಸಂಜೆಯಾದರೆ ಸುಸ್ತು. ಜಂತುಹುಳಕ್ಕೆ, ಹಸಿವಿಗೆ, ಕಬ್ಬಿಣಕ್ಕೆ ಎಂದು ಔಷಧಿಗಳು ಬದಲಾದವು. ಕೊನೆಗೆ ಮಕ್ಕಳ ಜೀರ್ಣಾಂಗ ತಜ್ಞರೊಬ್ಬರು ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿ, ಸೀಲಿಯಾಕ್ ಕಾಯಿಲೆ ಎಂದರು. ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಔಷಧಿ ಇಲ್ಲ. ಗೋಧಿ ಬಿಡುವುದೇ ಔಷಧಿ, ಅದೂ ಜೀವಮಾನವಿಡೀ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟು ಖಚಿತವಾದದ್ದರ ಹಿಂದೆ ಒಂದು ಬರಗಾಲವಿದೆ. 1944-45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ನೆದರ್ಲೆಂಡ್ಸಿನಲ್ಲಿ ಬ್ರೆಡ್ಡು ಸಿಗದೆ ಜನ ಸತ್ತರು. ಆದರೆ ಅದೇ ಹೊತ್ತಿನಲ್ಲಿ ತನ್ನ ಆಸ್ಪತ್ರೆಯ ಸೀಲಿಯಾಕ್ ಮಕ್ಕಳು ಸುಧಾರಿಸುವುದನ್ನೂ, ಬ್ರೆಡ್ಡು ಮರಳಿದಾಗ ಮತ್ತೆ ಬೀಳುವುದನ್ನೂ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯ ಗಮನಿಸಿದರು. ನಮ್ಮಲ್ಲಿ ಗೋಧಿ ತಿನ್ನುವ ಉತ್ತರ ಭಾರತದಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಇದು ಇರಬಹುದು ಎಂದು ಅಧ್ಯಯನಗಳು ಹೇಳುತ್ತವೆ. ದಕ್ಷಿಣದಲ್ಲಿ ತೀರಾ ಕಡಿಮೆ. ಹಾಗಾಗಿ ಊರಿಗೆ ಹೋದರೆ ಹೆಸರು ಕೇಳಿದವರೇ ಇಲ್ಲ. 'ಗೋಧಿ ತಿಂದರ ಬ್ಯಾನಿ ಬರತೈತೇನು? ನಾಕು ತುತ್ತು ತಿಂದರ ಏನೂ ಆಗೂದಿಲ್ಲ ಬಿಡು' ಎನ್ನುತ್ತಾರೆ ಹಿರಿಯರು, ಪ್ರೀತಿಯಿಂದಲೇ.

ಆ ನಾಲ್ಕು ತುತ್ತಿನ ಲೆಕ್ಕವನ್ನು ನಾನು ಇಂಜಿನಿಯರನ ಹಾಗೆ ಹಾಕಿ ನೋಡಿದೆ. ಒಂದು ನಾನ್‌ಖಟಾಯಿಯಲ್ಲಿ 10 ಗ್ರಾಂ ಮೈದಾ ಇದೆಯೆನ್ನಿ. ಅದರಲ್ಲಿ ಗ್ಲುಟನ್ ಸುಮಾರು 1 ಗ್ರಾಂ, ಅಂದರೆ 1000 ಮಿಲಿಗ್ರಾಂ. ದಿನಕ್ಕೆ 50 ಮಿಲಿಗ್ರಾಂ ಕೂಡ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟಾಗುತ್ತದೆ ಎಂದು ತಜ್ಞರು ಕಂಡುಕೊಂಡಿದ್ದಾರೆ. ಬಿಸ್ಕೀಟಿನ ಇಪ್ಪತ್ತನೇ ಒಂದು ಭಾಗ. ಅಷ್ಟು ಬೇಕರಿಯ ತಟ್ಟೆಯ ಮೇಲಿನ ಪುಡಿಯಲ್ಲೇ ಸಿಕ್ಕೀತು. ಭಟ್ಟಿಯವರಿಗೆ ಜೋಳದ ಹಿಟ್ಟು ಕೊಟ್ಟರೂ ಅದನ್ನು ಕಲಸುವುದು ಮೈದಾ ಕಲಸಿದ ಪರಾತದಲ್ಲೇ. ಹೀಗೆ ನಮ್ಮ ಮನೆಗೆ ಒಂದು ಒಟಿಜಿ ಒಲೆ ಬಂತು.

'ಮನೆಯಲ್ಲಿ ಮಾಡಿದ್ದು' ಎಂಬ ಮಾತಿಗೆ ನಾವು ಕಣ್ಣು ಮುಚ್ಚಿ ಮಾರ್ಕು ಕೊಡುತ್ತೇವೆ. ಗ್ಲುಟನ್ ವಿಷಯದಲ್ಲಿ ಅದು ಸಾಲದು. ಜೋಳದಲ್ಲಿ, ರಾಗಿಯಲ್ಲಿ, ಅಕ್ಕಿಯಲ್ಲಿ ಗ್ಲುಟನ್ ಇಲ್ಲ. ಆದರೆ ಗಿರಣಿಯಲ್ಲಿ ನಮ್ಮ ಜೋಳಕ್ಕೆ ಮುಂಚೆ ಯಾರದೋ ಐದು ಕಿಲೋ ಗೋಧಿ ಬೀಸಿರುತ್ತಾರೆ. ಮೊದಲ ಒಂದು ಸೇರಿನಲ್ಲಿ ಅದರದೇ ಹಿಟ್ಟು. ಅಂಗಡಿಯ ಕಡಲೆ ಹಿಟ್ಟಿನದೂ ಇದೇ ಕಥೆ. ಒಗ್ಗರಣೆಯ ಇಂಗು ನೋಡಿ: ಡಬ್ಬಿಯಲ್ಲಿ ಬರುವ ಪುಡಿ ಇಂಗಿನಲ್ಲಿ ಹೆಚ್ಚಿನವುಗಳಿಗೆ ಮೈದಾ ಬೆರೆಸಿರುತ್ತಾರೆ, ಲೇಬಲ್ಲಿನ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ ಕೂಡ. ಇವೆಲ್ಲಕ್ಕಿಂತ ಕಷ್ಟ ಮಾತಿನದು. 'ಗೋಧಿ ಹಾಕಿಲ್ಲ, ಬರೀ ಮೈದಾ' ಎಂದು ನಂಬಿಕೆಯಿಂದ ಹೇಳುವವರು ಎಷ್ಟು ಮಂದಿ! ಮೈದಾ, ಸಣ್ಣ ರವೆ, ಚಿರೋಟಿ ರವೆ, ಶಾವಿಗೆ ಎಲ್ಲವೂ ಗೋಧಿಯ ಮಕ್ಕಳೇ ಎಂಬುದು ಹಲವರಿಗೆ ಹೊಳೆಯುವುದೇ ಇಲ್ಲ.

ಈಗ ಜೋಳ, ಅಕ್ಕಿ ತೊಳೆದು ಒಣಗಿಸಿ ಮನೆಯಲ್ಲೇ ಬೀಸುತ್ತೇವೆ. ಇಲ್ಲಿ ಘರಘಂಟಿ ಎಂದು ಕರೆಯುವ ಪುಟ್ಟ ಗಿರಣಿ ಬಾಲ್ಕನಿಯ ಮೂಲೆಯಲ್ಲಿದೆ, ಗೋಧಿ ಅದರ ಬಾಯಿ ಕಂಡಿಲ್ಲ. ಲಟ್ಟಣಿಗೆ, ಜರಡಿ, ಚಮಚ ಎಲ್ಲ ಬೇರೆ. ಊರಿಂದ ಬಂದ ಅವ್ವನಿಗೆ ಇದನ್ನು ಹೇಗೆ ವಿವರಿಸುವುದು ಎಂದು ನಾನೂ ಹೆಂಡತಿಯೂ ಯೋಚಿಸುತ್ತಿದ್ದೆವು. ಕೇಳಿಸಿಕೊಂಡ ಅವ್ವ, 'ಅಂದ್ರ ಇದೂ ಒಂದು ಮಡಿನ' ಎಂದಳು, ಅಷ್ಟೇ. ಮುಟ್ಟಿದ ಕೈ ತೊಳೆಯುವುದು, ಪಾತ್ರೆ ಬೇರೆ ಇಡುವುದು, ಎಂಜಲು ಚಮಚ ಅದ್ದದಿರುವುದು ಯಾವುದನ್ನೂ ನಾವು ಎರಡನೇ ಸಲ ಹೇಳಬೇಕಾಗಲಿಲ್ಲ.

ಗೋಧಿ ಇಲ್ಲದ ಬಿಸ್ಕೀಟಿನ ಮೊದಲ ಸಮಸ್ಯೆ ಅದು ನಿಲ್ಲದಿರುವುದು. ಹಿಟ್ಟನ್ನು ಹಿಡಿದಿಡುವ ಬಲೆಯೇ ಗ್ಲುಟನ್. ಅದಿಲ್ಲದಿದ್ದರೆ ಒಲೆಯಿಂದ ತೆಗೆದದ್ದು ಬೆರಳಲ್ಲಿ ಮರಳಾಗುತ್ತದೆ. ಅಂಗಡಿಯವರು ಇದಕ್ಕೆ ಕ್ಸಾಂಥನ್ ಅಂಟು ಹಾಕುತ್ತಾರೆ. ನಮ್ಮಲ್ಲಿ ಉಪಾಯ ಬಂದದ್ದು ರೊಟ್ಟಿಯ ಕಡೆಯಿಂದ. ಜೋಳದ ರೊಟ್ಟಿ ಹರಿಯದೆ ಬರಲು ಹಿಟ್ಟಿಗೆ ಕುದಿಯುವ ಎಸರು ಹೊಯ್ಯಬೇಕೆಂದು ಉತ್ತರ ಕರ್ನಾಟಕದ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಬಿಸಿನೀರು ಪಿಷ್ಟವನ್ನು ಉಬ್ಬಿಸಿ ಅಂಟಾಗಿಸುತ್ತದೆ. 'ಬಿಸ್ಕೀಟಿಗೂ ಎಸರು ಹೊಯ್ರಿ' ಎಂದವಳು ಅವ್ವ. ಅಳತೆ ಕೂಡಿಸಿದ್ದು ನಾನು.

150 ಗ್ರಾಂ ಜೋಳದ ಹಿಟ್ಟು, 50 ಗ್ರಾಂ ಪುಟಾಣಿ (ಹುರಿಗಡಲೆ) ಹಿಟ್ಟು, 100 ಗ್ರಾಂ ತುಪ್ಪ, 90 ಗ್ರಾಂ ಪುಡಿ ಸಕ್ಕರೆ, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ. ಪುಟಾಣಿಯನ್ನು ಆರಿಸಿ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳಿ. ಇದಲ್ಲದೆ ಒಂದು ದೊಡ್ಡ ಚಮಚ ಜೋಳದ ಹಿಟ್ಟನ್ನು ನಾಲ್ಕು ಚಮಚ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿ ಅಂಬಲಿಯಾಗುವವರೆಗೆ ತಿರುವಿ ಆರಲು ಬಿಡಿ. ತುಪ್ಪ, ಸಕ್ಕರೆಯನ್ನು ಬೆಳ್ಳಗಾಗುವ ತನಕ ನಾದಿ, ಅಂಬಲಿ ಸೇರಿಸಿ, ಒಣ ಪದಾರ್ಥಗಳನ್ನು ಹಾಕಿ ಒಟ್ಟುಗೂಡಿಸಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಉಂಡೆ ಕಟ್ಟಿ, ಸ್ವಲ್ಪ ಒತ್ತಿ, ಮೊದಲೇ ಕಾಯಿಸಿದ ಒಲೆಯಲ್ಲಿ 160 ಡಿಗ್ರಿಗೆ 18ರಿಂದ 20 ನಿಮಿಷ. ಇಪ್ಪತ್ನಾಲ್ಕು, ಇಪ್ಪತ್ತೈದು ಬಿಸ್ಕೀಟು ಆಗುತ್ತವೆ. ಹೊರ ತೆಗೆದಾಗ ಮೆತ್ತಗಿರುತ್ತವೆ. ಪೂರ್ತಿ ಆರುವ ತನಕ ಮುಟ್ಟಬೇಡಿ, ಆಮೇಲೆ ಗಟ್ಟಿಯಾಗುತ್ತವೆ.

ಮಗಳಿಗೆಂದು ಶುರುವಾದದ್ದು ಬಿಲ್ಡಿಂಗಿಗೆ ಹಬ್ಬಿತು. ದೀಪಾವಳಿಯ ಫರಾಳ ತಟ್ಟೆ ಮನೆಯಿಂದ ಮನೆಗೆ ಹೋಗುವ ಊರಿದು; ಬಂದ ತಟ್ಟೆಯನ್ನು ಖಾಲಿ ಕಳಿಸುವಂತಿಲ್ಲ. ಮೂರನೇ ಮಹಡಿಯ ಜೈನ ಕುಟುಂಬಕ್ಕೆ ಮೊಟ್ಟೆ, ಗಡ್ಡೆಗೆಣಸು ಕೂಡದು; ನಮ್ಮದರಲ್ಲಿ ಎರಡೂ ಇಲ್ಲ. ಹಾಲು ಒಗ್ಗದ ಹುಡುಗನೊಬ್ಬನಿಗೆ ತುಪ್ಪದ ಬದಲು ಕೊಬ್ಬರಿ ಎಣ್ಣೆ, ಅಂಬಲಿಗೆ ನೀರು. ಪುಟ್ಟ ಮಕ್ಕಳಿಗೆ ಕೊಡುವುದಕ್ಕೆ ಇಡೀ ಬಾದಾಮಿ, ಗೋಡಂಬಿ ಚುಚ್ಚುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ಅವರಿಗೆ ರಾಗಿಯದು: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಕೆಳಗಿನ ಮನೆಯ ಕಾಕಾ ಒಬ್ಬರಿಗೆ ಸಕ್ಕರೆ ಕಾಯಿಲೆ. 'ಬೆಲ್ಲದ್ದು ಮಾಡಿ ಕೊಡು' ಎನ್ನುತ್ತಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ, ರಕ್ತಕ್ಕೆ ಬಣ್ಣ ಕಾಣುವುದಿಲ್ಲ. ಅವರಿಗೆ ಖಾರದ ಬಿಸ್ಕೀಟು: ಸಕ್ಕರೆಯಿಲ್ಲದೆ ಹಸಿಮೆಣಸು, ಕರಿಬೇವು, ಜೀರಿಗೆ. ಅದೂ ಹಿಟ್ಟಿನದೇ ಆದ್ದರಿಂದ ಚಹಾಕ್ಕೆ ಎರಡೇ.

ಬಿಸ್ಕೀಟು ತಿನ್ನುವವರಿಗೆ ತಕ್ಕಂತೆ ಬದಲಾಗುವುದು ಹೊಸದೇನಲ್ಲ. ನಾನ್‌ಖಟಾಯಿ ಹುಟ್ಟಿದ್ದೇ ಹಾಗೆ ಎಂದು ಸೂರತ್ತಿನ ಪ್ರತೀತಿ. ಡಚ್ಚರು ಬಿಟ್ಟುಹೋದ ಬೇಕರಿಯನ್ನು ದೋಟಿವಾಲಾ ಎಂಬ ಪಾರ್ಸಿ ಮನೆತನ ನಡೆಸಿತು, ಊರಿನವರಿಗೆ ಒಲ್ಲದ ಮೊಟ್ಟೆಯೂ ಹೆಂಡದ ಹುಳಿಯೂ ಬಿಟ್ಟುಹೋಗಿ ಈಗಿನ ರೂಪ ಬಂತಂತೆ. ನಮ್ಮ ಹಾಸನದ ಕಡೆಯ ಅಯ್ಯಂಗಾರರು ಬೇಕರಿಗಿಳಿದು ಮೊಟ್ಟೆ ಮುಟ್ಟದವರಿಗೂ ಕೇಕು ತಿನ್ನಿಸಿದ್ದು ಇದೇ ದಾರಿಯಲ್ಲಿ.

ಇಲ್ಲಿಗೆ ಬಂದ ಮೇಲೆ ತಿಳಿದ ಇನ್ನೊಂದು ಸಂಗತಿ ಉಪವಾಸದ್ದು. ನಮ್ಮ ಊರಲ್ಲಿ ಶನಿವಾರದ ಒಪ್ಪತ್ತು ಎಂದರೆ ಅನ್ನ ಬಿಡುವುದು, ರಾತ್ರಿ ಉಪ್ಪಿಟ್ಟೋ ಚಪಾತಿಯೋ ನಡೆಯುತ್ತದೆ. ಅಂದರೆ ಗೋಧಿ. ಮರಾಠಿ ಮನೆಗಳಲ್ಲಿ ಗೋಧಿ, ಅಕ್ಕಿ ಎರಡೂ ನಿಷಿದ್ಧ. ಸಾಬೂದಾಣೆ, ವರೀ ಅನ್ನ, ರಾಜಗಿರಾ, ಶಿಂಗಾಡಾ ಹಿಟ್ಟು, ಶೇಂಗಾ, ಆಲೂಗಡ್ಡೆ ನಡೆಯುತ್ತವೆ. ಅವುಗಳಲ್ಲಿ ಒಂದರಲ್ಲೂ ಗ್ಲುಟನ್ ಇಲ್ಲ! ಆಷಾಢ ಏಕಾದಶಿಯಂದು ಪಂಢರಪುರದ ವಿಠೋಬನ ಹೆಸರಲ್ಲಿ ಇಡೀ ಕಟ್ಟಡ ಉಪವಾಸ ಇರುತ್ತದೆ. ಆ ದಿನ ನನ್ನ ಮಗಳಿಗೆ ಹಬ್ಬ. ಉಳಿದ ದಿನ ಬಾಗಿಲಲ್ಲೇ ನಿಂತು 'ಯಾತ ಗಹೂ ಆಹೇ ಕಾ?' ಎಂದು ಕೇಳುವವಳು, ಅಂದು ಯಾರ ಮನೆಯ ಖಿಚಡಿಯಾದರೂ ಕೇಳದೆ ತಿನ್ನುತ್ತಾಳೆ. ಉಪವಾಸದ ಅಡುಗೆಗೆ ಬೇರೆ ಪಾತ್ರೆಯಿಡುವ ಅಜ್ಜಿಯರ ಮನೆಯಾದರೆ ನಮಗೂ ನಿಶ್ಚಿಂತೆ. ರಾಜಗಿರಾ ಬಿಸ್ಕೀಟು ಮಾಡಿ ನಾವೂ ಹಂಚುತ್ತೇವೆ.

ಕ್ರಿಸ್‌ಮಸ್ಸಿಗೆ ಮಂಗಳೂರು ಮೂಲದ ನೆರೆಯವರು ಕುಸ್ವಾರ್ ಕಳಿಸುತ್ತಾರೆ. ಕುಲ್‌ಕುಲ್, ನೆವ್ರಿಗಳಲ್ಲಿ ಮೈದಾ ಇರುತ್ತದೆ. ಅಕ್ಕಿ ಹಿಟ್ಟು, ತೆಂಗಿನಕಾಯಿಯ ಗುಳಿಯೊದಲ್ಲಿ ಇಲ್ಲ. ಆದರೆ ಕುಲ್‌ಕುಲ್ ಕರಿದ ಎಣ್ಣೆಯಲ್ಲೇ ಕರಿದರೆ ಅದೂ ಹೋಯಿತು. ವಿಷಯ ತಿಳಿದ ವರ್ಷದಿಂದ ಆ ಆಂಟಿ ಹೊಸ ಎಣ್ಣೆಯಿಟ್ಟು ಮೊದಲ ಘಾಣೆ ಗುಳಿಯೊ ತೆಗೆದು, ಬೇರೆ ಡಬ್ಬಿಗೆ ಹಾಕಿ, ಮಗಳ ಹೆಸರು ಬರೆದು ಇಡುತ್ತಾರೆ. ಮಗಳು ಆ ಡಬ್ಬಿಯನ್ನು ತಮ್ಮನಿಗೂ ಕೊಡುವುದಿಲ್ಲ.

ಅವಳಿಗೀಗ ಏಳು ವರ್ಷ. ರಕ್ತಪರೀಕ್ಷೆಯ ಅಂಕಿ ಇಳಿದಿದೆ, ಎತ್ತರ ಏರಿದೆ. ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಹಂಚಿದ ಬಿಸ್ಕೀಟನ್ನು ಚೀಲದಲ್ಲಿ ಹಾಗೇ ತಂದು ತಮ್ಮನಿಗೆ ಕೊಡುತ್ತಾಳೆ. ಕೊಡುವ ಮುಂಚೆ ಒಮ್ಮೆ ಮೂಸಿ ನೋಡುತ್ತಾಳೆ. ಅದಕ್ಕೆ ನಮ್ಮಲ್ಲಿ ಯಾವ ಉತ್ತರವೂ ಇಲ್ಲ. ಅವಳ ಹುಟ್ಟುಹಬ್ಬಕ್ಕೆ ಮಾತ್ರ ಎಸರು ಹೊಯ್ದ ಬಿಸ್ಕೀಟು ಇಡೀ ತರಗತಿಗೆ ಹೋಗುತ್ತದೆ.

ಹೊರನಾಡಿನಲ್ಲಿರುವ ಓದುಗರಿಗೆ ಎರಡು ಮಾತು. ಮಗುವಿನ ತೂಕ ಏರದೆ, ರಕ್ತಹೀನತೆ ಔಷಧಿಗೂ ಜಗ್ಗದಿದ್ದರೆ ಸೀಲಿಯಾಕ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಪರೀಕ್ಷೆಗೆ ಮುಂಚೆ ನೀವಾಗಿಯೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಫಲಿತಾಂಶ ತಪ್ಪಾಗಿ ಬರಬಹುದು. ಇನ್ನೊಂದು ಎಲ್ಲರಿಗೂ ಸುಲಭದ್ದು. ಪ್ಯಾಕೆಟ್ ಆಹಾರದ ಮೇಲೆ ಗ್ಲುಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಶೇಂಗಾ, ಸೋಯಾ ಇವೆಯೇ ಎಂದು ಬರೆಯಬೇಕೆಂಬುದು 2020ರ ಲೇಬಲ್ ನಿಯಮ. ಮನೆಯ ಡಬ್ಬಿಗೆ ಅಂಥ ನಿಯಮವಿಲ್ಲ. ಈ ಹಬ್ಬಕ್ಕೆ ಯಾರಿಗಾದರೂ ತಿಂಡಿ ಕಳಿಸುವಾಗ ಏನೇನು ಹಾಕಿದ್ದೀರೆಂದು ನಾಲ್ಕು ಸಾಲಿನ ಚೀಟಿ ಅಂಟಿಸಿ. ನಮ್ಮ ಕಟ್ಟಡದಲ್ಲಿ ಈಗ ಆರು ಮನೆಯವರು ಅಂಟಿಸುತ್ತಾರೆ. ಒಬ್ಬರದು ಮರಾಠಿಯಲ್ಲಿ, ಒಬ್ಬರದು ಗುಜರಾತಿಯಲ್ಲಿ ಇರುತ್ತದೆ. ಓದಲು ಬಾರದ ಅಕ್ಷರವಾದರೆ ಮಗಳು ಆ ಮನೆಗೇ ಓಡಿಹೋಗಿ ಓದಿಸಿಕೊಂಡು ಬರುತ್ತಾಳೆ.