ಏಸಿ ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ

ಕಟ್ಟಡಗಳ ಏರ್ ಕಂಡೀಷನಿಂಗ್ ವಿನ್ಯಾಸ ನನ್ನ ಉದ್ಯೋಗ. ಹನ್ನೊಂದು ವರ್ಷದಿಂದ ಹೈದರಾಬಾದಿನಲ್ಲಿದ್ದೇನೆ. ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಪರಿಚಯದವರೆಲ್ಲ ಫೋನ್ ಮಾಡಿ ಕೇಳುವುದು ಒಂದೇ ಮಾತು: ‘ಏಸಿ ತಂಪು ಕೊಡವಲ್ದು, ಗ್ಯಾಸ್ ಖಾಲಿ ಆಗ್ಯದಂತ. ತುಂಬಿಸಲೇನ್ರಿ?’

ಅಡುಗೆ ಸಿಲಿಂಡರಿನ ಗ್ಯಾಸ್ ಉರಿದು ಮುಗಿಯುತ್ತದೆ. ಏಸಿಯದು ಹಾಗಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತ, ಕೋಣೆಯ ಶಾಖವನ್ನು ಹೀರಿ, ಹೊರಗಿನ ಯೂನಿಟ್‌ನಲ್ಲಿ ಬಿಟ್ಟು ಮತ್ತೆ ಒಳಗೆ ಬರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿದ್ದು ಹೋಗುವುದು ನೇರ ವಾತಾವರಣಕ್ಕೆ.

ಸೂರ್ಯನ ಬೆಳಕು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಆ ಶಾಖವನ್ನು ಅವಕೆಂಪು ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಅದರಲ್ಲಿ ಒಂದಷ್ಟನ್ನು ಹಿಡಿದಿಡುತ್ತವೆ. ಇದೇ ಹಸಿರುಮನೆ ಪರಿಣಾಮ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ತೊಂದರೆ ಕಂಬಳಿಯದಲ್ಲ, ಅದು ದಪ್ಪವಾಗುತ್ತಿರುವುದು. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಆ ಕಾಲಕ್ಕಿಂತ ಒಂದೂವರೆ ಡಿಗ್ರಿಗೂ ಹೆಚ್ಚಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ.

ಏಸಿ ಗ್ಯಾಸ್ ಈ ಕಂಬಳಿಯ ಅತಿ ದಪ್ಪ ಎಳೆ. ಹಳೆಯ ಏಸಿಗಳಲ್ಲಿರುವ ಆರ್-22 ಒಂದು ಕೆಜಿ ಗಾಳಿಗೆ ಹೋದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಹಿಡಿಯುತ್ತದೆ. ಆರ್-410ಎ ಆದರೆ 2,000 ಕೆಜಿಗೂ ಹೆಚ್ಚು. ಈಗ ಹೆಚ್ಚು ಮಾರಾಟವಾಗುವ ಆರ್-32 ಆದರೆ 675. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕೆಜಿ. ಅಂದರೆ ಒಂದು ಕೆಜಿ ಆರ್-22 ಗಾಳಿಗೆ ಬಿಡುವುದೂ ಒಂದೇ, ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹತ್ತು ಸಲ ಹೋಗಿ ಬರುವುದೂ ಒಂದೇ.

ಈ ವಿಷಯ ನಮ್ಮಂಥ ವಲಸಿಗರಿಗೆ ಹೆಚ್ಚು ಹತ್ತಿರದ್ದು. ನಾವು ಬಾಡಿಗೆ ಮನೆಯವರು. ಕಂಪನಿ ಬದಲಾದರೆ, ಮಗುವಿನ ಶಾಲೆ ಬದಲಾದರೆ ಏಸಿ ಬಿಚ್ಚಿಸಿ ಹೊರಡುತ್ತೇವೆ. ಎಷ್ಟೋ ಕಡೆ ಮೆಕ್ಯಾನಿಕ್ ಪೈಪಿನ ನಟ್ ಸಡಿಲಿಸಿಬಿಡುತ್ತಾನೆ, ‘ಸುಸ್ಸ್’ ಎಂದು ಗ್ಯಾಸೆಲ್ಲ ಹೊರಗೆ. ಹೊಸ ಮನೆಯಲ್ಲಿ ಮತ್ತೆ ತುಂಬಿಸಲು ಮೂರ್ನಾಲ್ಕು ಸಾವಿರ ಕೊಡುವವರು ನಾವೇ.

ಇದನ್ನು ತಪ್ಪಿಸುವ ಕೆಲಸಕ್ಕೆ ‘ಪಂಪ್ ಡೌನ್’ ಎನ್ನುತ್ತಾರೆ. ಏಸಿಯನ್ನು ಕೂಲಿಂಗ್‌ನಲ್ಲಿ ಓಡಿಸುತ್ತಲೇ ಹೊರಗಿನ ಯೂನಿಟ್‌ನ ಸಣ್ಣ ಪೈಪಿನ ವಾಲ್ವ್ ಮುಚ್ಚಬೇಕು. ಕಂಪ್ರೆಸರ್ ಗ್ಯಾಸನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ. ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಬಂದಾಗ ದಪ್ಪ ಪೈಪಿನ ವಾಲ್ವ್ ಮುಚ್ಚಿ, ತಕ್ಷಣ ಏಸಿ ನಿಲ್ಲಿಸಬೇಕು. ಬೇಕಾಗುವುದು ಕೆಲವೇ ನಿಮಿಷ. ಆದರೆ ಕೆಲಸ ಬಲ್ಲವರೇ ಮಾಡಬೇಕು. ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್.

ಕಳೆದ ಮೇ ತಿಂಗಳಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದ ಬೀದರ್ ಕಡೆಯ ಹುಡುಗನನ್ನು, ‘ಯಾಕಪ್ಪಾ, ಪಂಪ್ ಡೌನ್ ಮಾಡಂಗಿಲ್ಲೇನು?’ ಎಂದು ಕೇಳಿದೆ. ‘ಬರ್ತದ ಸರ್, ಬರಂಗಿಲ್ಲ ಅಂತಲ್ಲ. ದಿನಕ್ಕ ಎಂಟು ಮನಿ ಮುಗಿಸಬೇಕು. ತಡ ಆದ್ರ ಸೇಠ್ ಪಗಾರ ಹಿಡಿತಾನ. ಗಿರಾಕಿ ಒಬ್ರೂ ಕೇಳಂಗಿಲ್ರಿ’ ಎಂದ. ನಾಲ್ಕನೆಯ ಮಹಡಿಯ ಕಿಟಕಿಯಾಚೆ, ಸೊಂಟಕ್ಕೆ ಬೆಲ್ಟ್ ಕೂಡ ಇಲ್ಲದೆ, 42 ಡಿಗ್ರಿ ಬಿಸಿಲಲ್ಲಿ ನಿಂತಿದ್ದ. ಭೂಮಿಯ ಉಷ್ಣತೆಯ ಬಗ್ಗೆ ಅವನಿಗೆ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ಅವನ ಕೊನೆಯ ಮಾತು ಮಾತ್ರ ತಲೆಯಲ್ಲಿ ಉಳಿಯಿತು: ಗಿರಾಕಿ ಕೇಳುವುದಿಲ್ಲ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತಿದ್ದುಪಡಿಯಾಗಿ, ಓಝೋನ್‌ಗೆ ಕೆಡುಕಿಲ್ಲದಿದ್ದರೂ ಬಿಸಿ ಹಿಡಿಯುವ ಗ್ಯಾಸುಗಳೂ ಪಟ್ಟಿಗೆ ಸೇರಿದವು. ಭಾರತ 2021ರಲ್ಲಿ ಇದನ್ನು ಅನುಮೋದಿಸಿತು. ಇಂಥ ಗ್ಯಾಸುಗಳ ಬಳಕೆಯನ್ನು 2047ರ ಹೊತ್ತಿಗೆ ಶೇ 85ರಷ್ಟು ಇಳಿಸಬೇಕು. 2019ರ ಕೇಂದ್ರದ ಕೂಲಿಂಗ್ ಕ್ರಿಯಾ ಯೋಜನೆಯಲ್ಲಿ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ನೀಡುವ ಗುರಿಯಿತ್ತು. ಆದರೆ ಕಿಟಕಿಯಾಚೆ ನಿಂತವನ ಕೈ ಹಿಡಿಯಬೇಕಾದವರು ನಾವು.

ಗ್ಯಾಸಿನ ಜೊತೆಗೆ ಕರೆಂಟಿನ ಲೆಕ್ಕವೂ ಇದೆ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು. ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಏಸಿಯನ್ನು ಒಂದು ಡಿಗ್ರಿ ಮೇಲೆ ಇಟ್ಟರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೋ. 18ಕ್ಕೆ ಇಟ್ಟು ದುಪ್ಪಟಿ ಹೊದೆಯುವುದಕ್ಕಿಂತ 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳುವುದು ಮೇಲು.

ಊರಿನ ಮನೆಗೆ ಏಸಿ ಕೊಡಿಸಬೇಕೆಂದಿರುವವರು ಮೊದಲು ಮಾಳಿಗೆ ನೋಡಿ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಕಾಯುತ್ತಿರಲಿಲ್ಲ. ಈಗಿನ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಶಾಖವನ್ನು ಮನೆಯೊಳಗೆ ಬಿಡುತ್ತದೆ. ಯುಗಾದಿಗೆ ಮುಂಚೆ ಸ್ಲ್ಯಾಬಿನ ಮೇಲೆ ದಪ್ಪಗೆ ಸುಣ್ಣ ಬಳಿಸಿದರೆ ಬಿಸಿಲಿನ ದೊಡ್ಡ ಪಾಲು ಹಾಗೇ ವಾಪಸ್ ಹೋಗುತ್ತದೆ. ತೆಲಂಗಾಣ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ನೀತಿ ತಂದಿದೆ. ನಮ್ಮ ಕಲ್ಯಾಣ ಕರ್ನಾಟಕಕ್ಕೂ ಅದು ಬೇಕು.

ಮುಂದಿನ ಸಲ ಮೆಕ್ಯಾನಿಕ್ ಬಂದಾಗ ಮೂರು ಮಾತು ಕೇಳಿ. ಸೋರಿಕೆ ಎಲ್ಲಿದೆ, ಸೋಪಿನ ನೀರು ಹಾಕಿ ತೋರಿಸುತ್ತೀರಾ? ಅದನ್ನು ಸರಿಮಾಡಿ, ವ್ಯಾಕ್ಯೂಮ್ ಹಾಕಿ, ತೂಕ ಮಾಡಿ ಗ್ಯಾಸ್ ತುಂಬುತ್ತೀರಾ? ಬಿಚ್ಚುವಾಗ ಪಂಪ್ ಡೌನ್ ಮಾಡುತ್ತೀರಾ? ಅದಕ್ಕೆ ತಗಲುವ ಹೆಚ್ಚಿನ ಸಮಯಕ್ಕೆ ಇನ್ನೂರು, ಮುನ್ನೂರು ರೂಪಾಯಿ ಹೆಚ್ಚು ಕೊಡಿ, ಅದೂ ಆ ಹುಡುಗನ ಕೈಗೇ.