ಸ್ಪ್ಯಾನಿಷ್ ಕ್ರಿಯಾಪದದ ಸಬ್ಜಂಕ್ಟಿವ್: ಕನ್ನಡದ ನೆಲೆಯಿಂದ ಒಂದು ನೋಟ

ಸ್ಪ್ಯಾನಿಷ್ ವ್ಯಾಕರಣದ 'ಸಬ್ಜಂಕ್ಟಿವ್' ಎಂಬ ಪರಿಭಾಷೆಯನ್ನು ಕನ್ನಡದಲ್ಲಿ 'ಸಂಭಾವನಾರ್ಥ' ಎಂದಷ್ಟೇ ಕರೆದರೆ ಅದರ ಅರ್ಧ ವ್ಯಾಪ್ತಿಯೇ ಕಳೆದುಹೋಗುತ್ತದೆ. ಇದನ್ನು ಆ ಭಾಷೆಯ ನಿಯತ ಕ್ರಿಯಾಪದಗಳ ವರ್ತಮಾನ ರೂಪಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ರೂಪನಿಷ್ಪತ್ತಿ ಸರಳವಾದುದು. ವರ್ತಮಾನಕಾಲದ ಉತ್ತಮಪುರುಷ ಏಕವಚನದ ಕೊನೆಯ 'ಒ'ಕಾರವನ್ನು ಲೋಪಗೊಳಿಸಿ, 'ಆರ್' ಅಂತ್ಯದ ಧಾತುಗಳಿಗೆ 'ಎ'ಕಾರವನ್ನೂ 'ಏರ್', 'ಈರ್' ಅಂತ್ಯದವುಗಳಿಗೆ 'ಅ'ಕಾರವನ್ನೂ ಸೇರಿಸಬೇಕು. ಹಾಡು ಎಂಬರ್ಥದ 'ಕಾಂತಾರ್' ಧಾತುವಿನಿಂದ ಕಾಂತೆ, ಕಾಂತೆಸ್, ಕಾಂತೆ, ಕಾಂತೆಮೊಸ್, ಕಾಂತೇಯಿಸ್, ಕಾಂತೆನ್. ಉಣ್ಣು ಎಂಬರ್ಥದ 'ಕೊಮೇರ್' ಧಾತುವಿನಿಂದ ಕೊಮ, ಕೊಮಸ್, ಕೊಮ, ಕೊಮಾಮೊಸ್, ಕೊಮಾಯಿಸ್, ಕೊಮನ್. ಅಂದರೆ ನಿಶ್ಚಯಾರ್ಥದ 'ಕಾಂತ' (ಹಾಡುತ್ತಾನೆ) ಒಂದು ಸ್ವರ ಬದಲಾದೊಡನೆ 'ಕಾಂತೆ' (ಹಾಡಲಿ) ಆಗುತ್ತದೆ. ಈ ಜೋಡಿ ಕನ್ನಡಿಗರ ನೆನಪಿನಲ್ಲಿ ನಿಲ್ಲುವುದು ಕಷ್ಟವೇನಲ್ಲ! ಲೋಕಪ್ರಸಿದ್ಧವಾದ 'ವಿವಾ' ಘೋಷವೂ ಬಾಳು ಎಂಬರ್ಥದ 'ವಿವಿರ್' ಧಾತುವಿನ ಇದೇ ರೂಪ. 'ಬಾಳಲಿ' ಎಂದೇ ಅದರ ಅರ್ಥ. ನಮ್ಮ 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷದಲ್ಲಿಯೂ ಹಳಗನ್ನಡದ 'ಗೆ' ಪ್ರತ್ಯಯ ಇದೇ ಕೆಲಸವನ್ನು ಮಾಡುತ್ತದೆ.

ಪ್ರಯೋಗದಲ್ಲಿ ಎರಡೂ ಭಾಷೆಗಳ ಸಾಮ್ಯ ಇನ್ನೂ ಸ್ವಾರಸ್ಯಕರವಾಗಿದೆ. ಬಯಸುವವನೂ ಹಾಡುವವನೂ ಒಬ್ಬನೇ ಆದಾಗ ಸ್ಪ್ಯಾನಿಷ್‌ನಲ್ಲಿ 'ಕಿಯೇರೊ ಕಾಂತಾರ್', ಕನ್ನಡದಲ್ಲಿ 'ಹಾಡಲು ಬಯಸುತ್ತೇನೆ'. ಕರ್ತೃ ಬೇರೆಯಾದರೆ 'ಕಿಯೇರೊ ಕೆ ಹುವಾನ್ ಕಾಂತೆ', ಕನ್ನಡದಲ್ಲಿ 'ಹುವಾನ್ ಹಾಡಲಿ ಎಂದು ಬಯಸುತ್ತೇನೆ'. 'ಅಲು', 'ಅಲಿ'ಗಳ ನಡುವಿನ ಈ ವ್ಯವಸ್ಥೆಯನ್ನು ನಮ್ಮ ಪಠ್ಯಗಳು ಹೆಚ್ಚಾಗಿ ವಿವರಿಸುವುದಿಲ್ಲ. 'ಕಾಂತೆಮೊಸ್' ಸ್ವತಂತ್ರವಾಗಿ ಬಂದಾಗ 'ಹಾಡೋಣ' ಎಂದಾಗುತ್ತದೆ. ಆದರೆ 'ಹಾಡುತ್ತಾನೆಂದು ನಂಬುವುದಿಲ್ಲ' ಎಂಬ ಕಡೆ ಸ್ಪ್ಯಾನಿಷ್ 'ಕಾಂತೆ'ಯನ್ನೇ ಬೇಡಿದರೆ, ಕನ್ನಡದ ಕ್ರಿಯಾರೂಪ ಬದಲಾಗುವುದಿಲ್ಲ.

'ತಾಲ್ ವೆಸ್ ಹುವಾನ್ ಕಾಂತೆ' ಎಂಬ ವಾಕ್ಯಕ್ಕೆ ಮಾತ್ರ 'ಹಾಡಲಿ' ಸಲ್ಲದು. 'ಹುವಾನ್ ಹಾಡಿಯಾನು' ಎನ್ನಬೇಕು. ಸ್ಪ್ಯಾನಿಷ್ ಒಂದೇ ರೂಪದಲ್ಲಿ ಅಡಕಗೊಳಿಸಿದ ಹಾರೈಕೆಯನ್ನೂ ಶಂಕೆಯನ್ನೂ ಕನ್ನಡವು ವಿಧ್ಯರ್ಥ ಹಾಗೂ ಸಂಭಾವನಾರ್ಥಗಳೆಂದು ಬೇರ್ಪಡಿಸಿದೆ. ಹೀಗಾಗಿ ಒಂದೇ ಕನ್ನಡ ಪಾರಿಭಾಷಿಕ ಪದವನ್ನು ಹುಡುಕುವುದಕ್ಕಿಂತ ಸಂದರ್ಭಾನುಸಾರ ಎರಡನ್ನೂ ಬಳಸುವುದೇ ಯುಕ್ತವೆಂದು ತೋರುತ್ತದೆ.

ಒಂದು ಸ್ವರದಿಂದ ಅರ್ಥ ಮಗುಚಿಕೊಳ್ಳುವುದನ್ನು ಕಾಣಲು ಸ್ಪೇನಿನವರೆಗೂ ಹೋಗಬೇಕಾಗಿಲ್ಲ. ತೇರದಾಳ, ಜಮಖಂಡಿ ಭಾಗದ ಆಡುಮಾತಿನಲ್ಲಿ 'ಹಾಡ್ಯಾನ' ಎಂದರೆ ಹಾಡಿದ್ದಾನೆ. 'ಹಾಡ್ಯಾನು' ಎಂದರೆ ಹಾಡಬಹುದು. ಮೊದಲನೆಯದು ನಡೆದುಹೋದ ಸಂಗತಿ, ಎರಡನೆಯದು ಬರಿಯ ಊಹೆ. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಲಿಪ್ಯಂತರಿಸುವಾಗ ಗ್ರಾಂಥಿಕ ರೂಢಿಗೆ ಒಳಗಾಗಿ 'ಹಾಡ್ಯಾನ' ಎಂಬುದಕ್ಕೆ ಉಕಾರವನ್ನು ಸೇರಿಸಿ 'ತಿದ್ದಿದರೆ', ವಕ್ತೃ ಕಣ್ಣಾರೆ ಕಂಡು ಹೇಳಿದ್ದು ಅವನ ಊಹೆಯಾಗಿ ದಾಖಲಾಗುತ್ತದೆ. ಅಂತ್ಯಸ್ವರವು ಅಸ್ಪಷ್ಟವಾಗಿದ್ದಲ್ಲಿ ಹಿಂದುಮುಂದಿನ ವಾಕ್ಯಗಳನ್ನು ಕೇಳಿಯೇ ರೂಪವನ್ನು ನಿರ್ಧರಿಸಬೇಕು.