ಗಾಳಗಾರರ ಮೂರು ಗ್ರಂಥಗಳು

ಗಾಳ ಹಾಕುವುದು ಸೋಮಾರಿಗಳ ಕಾಲಹರಣವೆಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಇದೆ. ಆದರೆ ಮೀನಿಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ, ಅದು ಯಾವ ಕಾಲದಲ್ಲಿ ಏನನ್ನು ತಿನ್ನುತ್ತದೆ ಎಂಬುದನ್ನು ಅರಿಯದವನ ಗಾಳಕ್ಕೆ ಮೀನು ಸಿಕ್ಕುವುದು ವಿರಳ. ಆದುದರಿಂದ ಗಾಳಗಾರಿಕೆಯ ಉತ್ತಮ ಗ್ರಂಥಗಳು ಪ್ರಕೃತಿವಿಜ್ಞಾನದ ಗ್ರಂಥಗಳೂ ಹೌದು. ಕೊಪ್ಪಳ ತಾಲೂಕಿನ ಇರಕಲ್ಲಗಡದಂತಹ ಬಯಲುಸೀಮೆಯ ಊರಿನಲ್ಲಿದ್ದು, ಗಾಳವನ್ನು ಎಂದೂ ಕೈಯಲ್ಲಿ ಹಿಡಿಯದ ವಾಚಕರೂ ಮೆಚ್ಚಬಹುದಾದ ಮೂರು ಗ್ರಂಥಗಳನ್ನು ಇಲ್ಲಿ ಪರಿಚಯಿಸುತ್ತೇನೆ.

ಮೊದಲನೆಯದು ನಮ್ಮ ನಾಡಿನದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವಿದೆ. ಮೀನಿನ ಜಾತಿಗಳು, ಅವುಗಳ ವಾಸಸ್ಥಾನ, ಯಾವುದಕ್ಕೆ ಯಾವ ಆಹಾರ ಪ್ರಿಯ, ಕೋಲು ದಾರಗಳು ಹೇಗಿರಬೇಕು ಎಂಬುದೆಲ್ಲ ಅಲ್ಲಿ ಬಂದಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಇಂಗ್ಲಿಷಿನಲ್ಲಿ ವಿವೇಚಿಸಿ ಪ್ರಕಟಿಸಿದರು.

ಎರಡನೆಯದು ಇಂಗ್ಲೆಂಡಿನ ಆಲ್ಫ್ರೆಡ್ ರೊನಾಲ್ಡ್ಸನ ‘ದಿ ಫ್ಲೈ-ಫಿಷರ್ಸ್ ಎಂಟಮಾಲಜಿ’ (1836). ಆ ದೇಶದ ಗಾಳಗಾರರು ಎರೆಹುಳುವಿಗೆ ಬದಲು, ಗರಿ ನೂಲುಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿನೊಣವನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಅಷ್ಟು ಹಗುರವಾದ ವಸ್ತುವನ್ನು ದೂರಕ್ಕೆ ಎಸೆಯುವುದು ಹೇಗೆ? ಇಲ್ಲಿ ಭಾರವಿರುವುದು ದಾರಕ್ಕೆ. ಬಾರುಕೋಲಿನ ಬಾರಿನಂತೆ ಬೀಸಿದಾಗ ದಾರವೇ ಸುರುಳಿ ಬಿಚ್ಚುತ್ತ ಹೋಗಿ ನೊಣವನ್ನು ಒಯ್ಯುತ್ತದೆ.

ರೊನಾಲ್ಡ್ಸನು ಹೊಳೆಯ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಟ್ರೌಟ್ ಮೀನುಗಳನ್ನು ವೀಕ್ಷಿಸಿದನು. ಮೀನಿಗೆ ಕಾಣದಂತೆ ಮರೆಯಲ್ಲಿ ಬಂದೂಕು ಹಾರಿಸಿದಾಗ ಅದು ಬೆದರಲಿಲ್ಲ. ಗಾಳಿಯಲ್ಲಿ ಹುಟ್ಟಿದ ಶಬ್ದದ ಶಕ್ತಿಯಲ್ಲಿ ಬಹುತೇಕ ಎಲ್ಲವೂ ನೀರಿನ ಮೇಲ್ಮೈಯಿಂದ ಹಿಂದಿರುಗುವುದೇ ಇದಕ್ಕೆ ಕಾರಣ. ಬೆಳಕಿನ ವಕ್ರೀಭವನವನ್ನೂ ಅವನು ಚಿತ್ರಸಹಿತವಾಗಿ ವಿವರಿಸಿದ್ದಾನೆ. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಜಗತ್ತೆಲ್ಲವೂ ಸುಮಾರು 97 ಅಂಶ ಅಗಲದ ಶಂಕುವಿನೊಳಗೆ ಅಡಕವಾಗಿ ಕಾಣುತ್ತದೆ. ಒಂದು ಮೀಟರ್ ಆಳದಲ್ಲಿರುವ ಮೀನಿನ ಪಾಲಿಗೆ ನೀರಿನ ಮೇಲ್ಮೈಯಲ್ಲಿರುವ ಈ ದುಂಡು ಕಿಟಕಿಯ ವ್ಯಾಸ ಸುಮಾರು ಎರಡೂಕಾಲು ಮೀಟರ್. ಅದರಾಚೆ ಮೇಲ್ಮೈಯು ಕನ್ನಡಿಯಂತೆ ಕೆರೆಯ ತಳವನ್ನೇ ಪ್ರತಿಫಲಿಸುತ್ತದೆ. ದಡದಲ್ಲಿ ನಿಂತವನು ಕಿಟಕಿಯ ಅಂಚಿನಲ್ಲಿ ಕುಗ್ಗಿ ಕಾಣುತ್ತಾನೆ. ನೆಲಕ್ಕೆ ಬಾಗಿ ಕುಳಿತವನು ಬಹುಮಟ್ಟಿಗೆ ಕಾಣುವುದೇ ಇಲ್ಲ. ನುರಿತ ಗಾಳಗಾರರು ಬಾಗಿ ನಡೆಯುವುದರ ರಹಸ್ಯವಿದು.

ಮೂರನೆಯದು ‘ದಿ ರಾಡ್ ಇನ್ ಇಂಡಿಯಾ’. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸನು ಬರೆದ ಈ ಗ್ರಂಥ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮಹಸೀರ್ ಮೀನಿನ ಹಲ್ಲುಗಳು ಬಾಯಲ್ಲಲ್ಲ, ಗಂಟಲಿನಲ್ಲಿವೆ ಎಂಬಂತಹ ವಿವರಗಳಿಂದ ಅದು ತುಂಬಿದೆ. ನಮ್ಮ ಹೊಳೆಗಳ ಚಿಕ್ಕ ಮೀನುಗಳನ್ನು ಹುಸಿನೊಣದಿಂದ ಹಿಡಿಯುವ ಕ್ರಮವೂ ಅಲ್ಲಿದೆ. ಆದರೆ ಥಾಮಸನು ಬೇಟೆಗಾರ ಮಾತ್ರನಲ್ಲ. ಮರಿಗಳನ್ನೇ ಬಾಚುವ ಸಣ್ಣ ಕಣ್ಣಿನ ಬಲೆಗಳಿಂದಲೂ ವಿಷಪ್ರಯೋಗದಿಂದಲೂ ಮೀನಿನ ಸಂತತಿ ಕ್ಷೀಣಿಸುವುದೆಂದು ಎಚ್ಚರಿಸಿದವನು.

ಆ ಎಚ್ಚರಿಕೆ ಹಳತಾಗಿಲ್ಲ. ಕಾವೇರಿಯ ಡುಬ್ಬಬೆನ್ನಿನ ಮಹಸೀರ್ ಗಾಳಗಾರರಿಗೆ ಬಹುಕಾಲದಿಂದ ಪ್ರಸಿದ್ಧವಾಗಿದ್ದರೂ, ಅದರ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಎಂದು ನಿರ್ಧಾರವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ಮೀನೇ ಮರೆಯಾಗುವ ಸ್ಥಿತಿ ಬಂದಿತ್ತು!

ಇಂಗ್ಲಿಷಿನ ಈ ಎರಡು ಗ್ರಂಥಗಳೂ ಈಗ ಅಂತರಜಾಲದ ಗ್ರಂಥಾಲಯಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಓದಿದ ಮೇಲೆ ವಾಚಕರು ತಮ್ಮೂರಿನ ಕೆರೆಗೋ, ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯಕ್ಕೋ ಹೋಗಲಿ. ಗಾಳ ಬೇಡ, ದಡದಲ್ಲಿ ಒಮ್ಮೆ ನಿಂತು, ಒಮ್ಮೆ ಬಾಗಿ ಕುಳಿತು, ಮೀನುಗಳು ಹೇಗೆ ವರ್ತಿಸುತ್ತವೆಂದು ನೋಡಿ ಬರೆದಿಟ್ಟುಕೊಂಡರೆ ಸಾಕು.